ಬೆನ್ನುಹುರಿಗೆ ಪೆಟ್ಟಾದ ಕ್ರೀಡಾಪಟುಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಕಾಪಾಡಿಕೊಳ್ಳುವ ಬಗೆ

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಬೆಳಗಿನ ಅಭ್ಯಾಸ ಮುಗಿಸಿ ವೀಲ್‌ಚೇರನ್ನು ನೆರಳಿಗೆ ತಂದುಕೊಂಡ ಗುಂಡು ಎಸೆತದ ಹುಡುಗನೊಬ್ಬ, ಕರುಳಿಗೆ ಒಳ್ಳೆಯದೆಂದು ಜೀವಂತ ಬ್ಯಾಕ್ಟೀರಿಯಾ ತುಂಬಿ ಮಾರುವ ಒಂದು ಡಬ್ಬಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, "ಸಾರ್, ಈ ಪ್ರೋಬಯಾಟಿಕ್ ತಕ್ಕೊಂಡ್ರೆ ಹೊಟ್ಟೆ ಸರಿಹೋಯ್ತದಾ?" ಎಂದು ಕೇಳಿದ. ಡಬ್ಬಿಯ ಬೆಲೆ ಅವನ ಮನೆಗೆ ಡೇರಿಯಿಂದ ಹದಿನೈದು ದಿನಕ್ಕೆ ಬರುವ ಹಾಲಿನ ಬಟವಾಡೆಯಷ್ಟಿತ್ತು. ನಾನು ಡಬ್ಬಿಯ ಮಾತನ್ನು ಬದಿಗಿಟ್ಟು, ಈ ದಿನ ಬೆಳಿಗ್ಗೆ ಕಮೋಡಿನ ಮೇಲೆ ಎಷ್ಟು ಹೊತ್ತು ಕುಳಿತಿದ್ದೆ ಎಂದು ಕೇಳಿದೆ. ಒಂದೂಮುಕ್ಕಾಲು ಗಂಟೆ ಎಂದ. ಅದೂ ಮೂರು ದಿನ ಬಿಟ್ಟು. ಕರುಳಿನಲ್ಲಿ ಮಲ ಮೂರು ದಿನ ನಿಂತಿರುವವರೆಗೆ ಯಾವ ಡಬ್ಬಿಯ ಬ್ಯಾಕ್ಟೀರಿಯಾದಿಂದಲೂ ಹೆಚ್ಚಿನ ಪ್ರಯೋಜನ ನಿರೀಕ್ಷಿಸಲಾಗದು ಎಂಬುದನ್ನು ಅವನಿಗೆ ಬಿಡಿಸಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಅದೇ ಮಾತನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ನಾನು ಫಿಸಿಯೊಥೆರಪಿಸ್ಟ್, ಮೈಸೂರು ಮತ್ತು ಮಂಡ್ಯದ ಸುತ್ತಮುತ್ತ ಬೆನ್ನುಹುರಿಗೆ ಪೆಟ್ಟಾದವರೊಂದಿಗೆ ಕೆಲಸ ಮಾಡುತ್ತೇನೆ. ತೆಂಗಿನ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಕಬ್ಬಿನ ಲೋಡಿನ ಮೇಲಿಂದ ಉರುಳಿದವರು ಇವರಲ್ಲಿ ಹೆಚ್ಚು. ಕ್ರೀಡೆಗೆ ಇಳಿದವರಿಗೆ ಕರುಳಿನ ತೊಂದರೆ ಬರೀ ಮುಜುಗರದ ವಿಷಯವಾಗಿ ಉಳಿಯುವುದಿಲ್ಲ, ಅದು ಅಭ್ಯಾಸದ ಗಂಟೆಗಳನ್ನೇ ತಿಂದುಹಾಕುತ್ತದೆ. ಮುಂದೆ ಹೇಳುವ ಹೆಜ್ಜೆಗಳಲ್ಲಿ ಔಷಧಿಗೆ ಸಂಬಂಧಿಸಿದ ಯಾವುದನ್ನೂ ನಿಮ್ಮ ವೈದ್ಯರನ್ನು ಕೇಳದೆ ಬದಲಾಯಿಸಬೇಡಿ.

ಮೊದಲು ತಿಳಿಯಬೇಕಾದದ್ದು: ಒಳಗೆ ಏನಾಗಿದೆ

ದೊಡ್ಡ ಕರುಳಿನ ಮೊದಲ ಭಾಗಕ್ಕೆ ವೇಗಸ್ ಎಂಬ ನರ ಮೆದುಳಿನ ಬುಡದಿಂದ ನೇರವಾಗಿ ಇಳಿದು ಬರುತ್ತದೆ. ಅದು ಬೆನ್ನುಹುರಿಯನ್ನು ಹಾದು ಬರುವುದಿಲ್ಲ. ಕರುಳಿನ ಕೊನೆಯ ಭಾಗಕ್ಕೂ ಗುದನಾಳಕ್ಕೂ ನರಗಳು ಬೆನ್ನುಹುರಿಯ ಕೆಳತುದಿಯಿಂದ, ಎಸ್‌2ರಿಂದ ಎಸ್‌4ರವರೆಗಿನ ಭಾಗದಿಂದ ಬರುತ್ತವೆ. ಹಾಗಾಗಿ ಹುರಿಗೆ ಪೆಟ್ಟಾದಾಗ ಮೇಲಿನ ಭಾಗ ಹೇಗೋ ಕೆಲಸ ಮಾಡುತ್ತಿರುತ್ತದೆ, ಕೆಳಗಿನ ಭಾಗಕ್ಕೆ ಮೆದುಳಿನ ಹಿಡಿತ ತಪ್ಪುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಸಾಗಿಹೋಗಬೇಕಾದದ್ದು ಮೂರು ನಾಲ್ಕು ದಿನ ಒಳಗೇ ನಿಲ್ಲುವುದು ಇವರಲ್ಲಿ ಅಪರೂಪವೇನಲ್ಲ.

ಬ್ಯಾಕ್ಟೀರಿಯಾಗಳ ಕಥೆ ಶುರುವಾಗುವುದು ಇಲ್ಲಿಂದ. ನಾವು ಅರಗಿಸಿಕೊಳ್ಳಲಾರದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ಆ ಪದರ ಗಟ್ಟಿಯಾಗಿದ್ದರೆ ಕರುಳಿನ ವಿಷಕಾರಿ ಅಂಶಗಳು ರಕ್ತಕ್ಕೆ ಸೋರುವುದು ಕಡಿಮೆಯಾಗುತ್ತದೆ, ದೇಹದ ಉರಿಯೂತವೂ ಹತೋಟಿಯಲ್ಲಿರುತ್ತದೆ. ಮಲ ಬಹಳ ಹೊತ್ತು ನಿಂತಾಗ ನಾರು ಮೊದಲೇ ಮುಗಿದುಹೋಗಿ, ಬ್ಯಾಕ್ಟೀರಿಯಾಗಳು ಉಳಿದ ಪ್ರೋಟೀನಿಗೆ ಕೈಹಾಕುತ್ತವೆ. ಆಗ ಅಮೋನಿಯಾದಂಥ ಬೇಡದ ವಸ್ತುಗಳು ಹೆಚ್ಚುತ್ತವೆ, ವಾಸನೆಯ ಗ್ಯಾಸ್ ಹೆಚ್ಚುತ್ತದೆ, ನೀರು ಹೀರಿಹೋಗಿ ಮಲ ಕಲ್ಲಾಗುತ್ತದೆ.

ಟರ್ಕಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನುಹುರಿಗೆ ಪೆಟ್ಟಾದವರ ಕರುಳಿನಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಆರೋಗ್ಯವಂತರಿಗಿಂತ ಕಡಿಮೆ ಇದ್ದವು. ಇನ್ನೊಂದು ಕಡೆ, 2014ರ ಐರ್ಲೆಂಡಿನ ಅಧ್ಯಯನವೊಂದು ವೃತ್ತಿಪರ ರಗ್ಬಿ ಆಟಗಾರರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿರುವುದನ್ನು ತೋರಿಸಿತ್ತು. ವೀಲ್‌ಚೇರ್ ಕ್ರೀಡಾಪಟು ಈ ಎರಡರ ನಡುವೆ ಇದ್ದಾನೆ: ಗಾಯ ಒಂದು ಕಡೆಗೆ ಎಳೆಯುತ್ತದೆ, ವ್ಯಾಯಾಮ ಮತ್ತು ಊಟ ಇನ್ನೊಂದು ಕಡೆಗೆ. ನಮ್ಮ ಕೈಯಲ್ಲಿರುವುದು ಎರಡನೆಯದು.

ಒಂದನೇ ಹೆಜ್ಜೆ: ನಿಮ್ಮ ಕರುಳು ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ

ಡಿಸ್ಚಾರ್ಜ್ ಕಾರ್ಡಿನಲ್ಲಿ ಪೆಟ್ಟಿನ ಮಟ್ಟವನ್ನು (ಟಿ ಎಂದರೆ ಎದೆಯ ಭಾಗ, ಎಲ್ ಎಂದರೆ ಸೊಂಟದ ಭಾಗ) ಟಿ4, ಟಿ10, ಎಲ್‌1 ಎಂದು ಬರೆದಿರುತ್ತಾರೆ. ಅದನ್ನು ಹಿಡಿದುಕೊಂಡು ಪುನಶ್ಚೇತನ ವೈದ್ಯರ ಬಳಿ ಒಂದೇ ಪ್ರಶ್ನೆ ಕೇಳಿ: ನನ್ನ ಗುದದ್ವಾರದ ಸ್ನಾಯುವಿನಲ್ಲಿ ಪ್ರತಿವರ್ತನೆ, ಅಂದರೆ ಮೆದುಳಿನ ಅಪ್ಪಣೆ ಇಲ್ಲದೆ ತಾನಾಗಿ ಸ್ಪಂದಿಸುವ ಗುಣ, ಉಳಿದಿದೆಯೇ? ಹುರಿಯ ಕೆಳತುದಿಗಿಂತ ಮೇಲೆ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ಪ್ರತಿವರ್ತನೆ ಉಳಿದಿರುತ್ತದೆ. ಸ್ನಾಯು ಬಿಗಿಯಾಗಿರುತ್ತದೆ, ಗುದದ್ವಾರದೊಳಗೆ ಇಡುವ ಸಪೊಸಿಟರಿ ಗುಳಿಗೆಗೂ ಬೆರಳಿನ ಪ್ರಚೋದನೆಗೂ ಕರುಳು ಸ್ಪಂದಿಸುತ್ತದೆ. ಇಂಥವರ ಮಲ ಮೆತ್ತಗೆ, ರೂಪವಿರುವ ಹಾಗೆ ಇರಬೇಕು. ತುದಿಗೇ ಅಥವಾ ಅದರ ಕೆಳಗಿನ ನರಗಳ ಗೊಂಚಲಿಗೇ ಪೆಟ್ಟಾಗಿದ್ದರೆ ಸ್ನಾಯು ಸಡಿಲವಾಗಿರುತ್ತದೆ, ಪ್ರಚೋದನೆ ನಾಟುವುದಿಲ್ಲ, ಕೈಯಿಂದಲೇ ಮಲ ತೆಗೆಯಬೇಕಾಗುತ್ತದೆ. ಇಂಥವರ ಮಲ ಸ್ವಲ್ಪ ಗಟ್ಟಿಯಾಗಿದ್ದರೇ ಸೋರಿಕೆ ತಪ್ಪುತ್ತದೆ. ಒಬ್ಬರಿಗೆ ಒಗ್ಗಿದ ಊಟ ಇನ್ನೊಬ್ಬರಿಗೆ ಏಕೆ ಒಗ್ಗಲಿಲ್ಲ ಎಂಬ ಜಗಳ ಅಭ್ಯಾಸದ ಮೈದಾನದಲ್ಲಿ ನಡೆಯುತ್ತಲೇ ಇರುತ್ತದೆ. ಬಹುಪಾಲು ಸಲ ಉತ್ತರ ಈ ವ್ಯತ್ಯಾಸದಲ್ಲಿರುತ್ತದೆ.

ಎರಡನೇ ಹೆಜ್ಜೆ: ಹೊತ್ತು ಕಟ್ಟಿಕೊಳ್ಳಿ

ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ತಾನಾಗಿ ಚಲಿಸತೊಡಗುತ್ತದೆ. ಇದರ ಲಾಭ ಪಡೆಯಬೇಕಾದರೆ ತಿಂಡಿಯಾದ ಸುಮಾರು ಅರ್ಧ ಗಂಟೆಗೆ, ಪ್ರತಿದಿನ ಅಥವಾ ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ ಕುಳಿತುಕೊಳ್ಳಬೇಕು. ಬಿಸಿ ಕಾಫಿಯೂ ಕರುಳನ್ನು ಎಬ್ಬಿಸುತ್ತದೆ. ಮೈಸೂರಿನ ಮನೆಗಳಲ್ಲಿ ಬೆಳಗಿನ ಫಿಲ್ಟರ್ ಕಾಫಿ ಹೇಗೂ ಇದ್ದೇ ಇರುತ್ತದೆ. ಅದನ್ನು ಅಭ್ಯಾಸಕ್ಕೆ ಹೊರಡುವ ಮುಂಚೆ ಆತುರದಲ್ಲಿ ಕುಡಿಯುವ ಬದಲು ಈ ಕೆಲಸಕ್ಕೆ ಜೋಡಿಸಿಕೊಳ್ಳಿ.

ಕುಳಿತುಕೊಳ್ಳಲು ಆಗುವವರು ಕಮೋಡ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಳ್ಳಲಿ, ಆಗದವರು ಎಡಮಗ್ಗುಲಾಗಿ ಮಲಗಲಿ. ಹೊಟ್ಟೆಯ ಬಲಗೆಳಭಾಗದಿಂದ ಮೇಲಕ್ಕೆ, ಅಡ್ಡಲಾಗಿ ಎಡಕ್ಕೆ, ಅಲ್ಲಿಂದ ಕೆಳಕ್ಕೆ, ಅಂದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಅಂಗೈಯಿಂದ ಕೆಲವು ನಿಮಿಷ ಒತ್ತಿ ತಿಕ್ಕಿ. ಪ್ರತಿವರ್ತನೆ ಇರುವವರು ಗ್ಲೌಸ್ ಹಾಕಿ, ಜೆಲ್ ಸವರಿದ ಬೆರಳನ್ನು ಮೆಲ್ಲಗೆ ಒಳಗಿಟ್ಟು 15–20 ಸೆಕೆಂಡ್ ವೃತ್ತಾಕಾರದಲ್ಲಿ ತಿರುಗಿಸಿ, 5–10 ನಿಮಿಷ ಬಿಟ್ಟು ಮತ್ತೆ ಮಾಡಬಹುದು. ಉಗುರು ಕತ್ತರಿಸಿರಬೇಕು. ಒಟ್ಟು ಕೆಲಸ ಒಂದು ಗಂಟೆಯೊಳಗೆ ಮುಗಿಯಬೇಕು. ಪದೇ ಪದೇ ಮೀರುತ್ತಿದ್ದರೆ ಪದ್ಧತಿಯಲ್ಲೋ ಔಷಧಿಯಲ್ಲೋ ಬದಲಾವಣೆ ಬೇಕೆಂದು ಅರ್ಥ. ಕಮೋಡಿನ ಆಸನಕ್ಕೆ ಮೆತ್ತೆ ಇರಲೇಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಒಂದೂಮುಕ್ಕಾಲು ಗಂಟೆ ಕುಳಿತ ಆ ಹುಡುಗನ ಪೃಷ್ಠದ ಚರ್ಮ ರೂಪಾಯಿ ಅಗಲಕ್ಕೆ ಕೆಂಪಾಗಿತ್ತು, ಅವನಿಗೆ ಅದರ ಅರಿವೇ ಇರಲಿಲ್ಲ. ಆ ಕೆಂಪು ಹುಣ್ಣಾಗಿದ್ದರೆ ಅವನ ಆ ವರ್ಷದ ಕ್ರೀಡೆ ಅಲ್ಲಿಗೇ ಮುಗಿಯುತ್ತಿತ್ತು.

ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಇಲ್ಲಿ ಒಂದು ಅಪಾಯವನ್ನು ಚೆನ್ನಾಗಿ ನೆನಪಿಡಬೇಕು. ತುಂಬಿದ ಮೂತ್ರಕೋಶ, ಗಟ್ಟಿ ಮಲ ಅಥವಾ ಬೆರಳಿನ ಪ್ರಚೋದನೆಯೇ ಇವರಲ್ಲಿ ರಕ್ತದೊತ್ತಡವನ್ನು ಏಕಾಏಕಿ ಏರಿಸಬಹುದು. ವೈದ್ಯರು ಇದನ್ನು ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು, ಗಾಯದ ಮಟ್ಟಕ್ಕಿಂತ ಮೇಲೆ ಬೆವರುವುದು ಇದರ ಗುರುತು. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ, ಬೆಲ್ಟು, ಕಾಲಿನ ಪಟ್ಟಿ ಸಡಿಲಿಸಿ, ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಕೊಳವೆ) ಮಡಚಿಕೊಂಡಿದೆಯೇ ನೋಡಿ, ಮೂತ್ರಕೋಶ ಖಾಲಿ ಮಾಡಿಸಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ಇಂಥವರ ಮಾಮೂಲಿ ಮೇಲಿನ ಬಿ.ಪಿ. 90ರಿಂದ 110ರ ನಡುವೆ ಇರುವುದರಿಂದ, 140 ಬಂದರೂ ಅದು ಇವರಿಗೆ ತುರ್ತು ಸ್ಥಿತಿಯೇ. ಆದರೆ ವಿಷಯ ತಿಳಿಯದ ಡ್ಯೂಟಿ ಡಾಕ್ಟರಿಗೆ ಅದು ದೊಡ್ಡದಾಗಿ ಕಾಣುವುದಿಲ್ಲ. ಹಾಗಾಗಿ ನಿಮ್ಮ ಮಾಮೂಲಿ ಬಿ.ಪಿ. ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ವೀಲ್‌ಚೇರಿನ ಚೀಲದಲ್ಲಿ ಇಟ್ಟುಕೊಳ್ಳಿ. ಸ್ಪರ್ಧೆಯಲ್ಲಿ ಬಲ ಹೆಚ್ಚಲಿ ಎಂದು ಬೇಕೆಂದೇ ಮೂತ್ರ ತಡೆದು ಈ ಸ್ಥಿತಿ ತಂದುಕೊಳ್ಳುವುದನ್ನು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ನಿಷೇಧಿಸಿದೆ. ಅದರಿಂದ ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು.

ಮೂರನೇ ಹೆಜ್ಜೆ: ನೋಟ್ ಪುಸ್ತಕ

ಶಾಲೆಯ ನೂರು ಪುಟದ ಪುಸ್ತಕ ಸಾಕು. ದಿನಾಂಕ, ಕುಳಿತ ಹೊತ್ತು, ಹಿಡಿದ ನಿಮಿಷ, ಮಲದ ರೂಪ, ಸೋರಿಕೆ ಇತ್ತೇ, ಕುಡಿದ ನೀರು, ತಿಂದ ಹೊಸ ಪದಾರ್ಥ, ನುಂಗಿದ ಮಾತ್ರೆ, ಇಷ್ಟನ್ನು ಬರೆಯಿರಿ. ಮಲದ ರೂಪಕ್ಕೆ ಬ್ರಿಸ್ಟಲ್ ಪಟ್ಟಿ ಎಂಬ 1ರಿಂದ 7ರವರೆಗಿನ ಅಳತೆ ಇದೆ: 1 ಎಂದರೆ ಆಡಿನ ಹಿಕ್ಕೆಯಂತೆ ಬಿಡಿ ಬಿಡಿ, 4 ಎಂದರೆ ನಯವಾದ ಮೆತ್ತನೆಯ ಉರುಳೆ, 7 ಎಂದರೆ ಬರೀ ನೀರು. ಎರಡು ವಾರ ಏನನ್ನೂ ಬದಲಾಯಿಸದೆ ಬರೀ ಬರೆಯಿರಿ. ಬದಲಾವಣೆ ಮಾಡುವ ಆತುರದಲ್ಲಿ ಬಹಳ ಮಂದಿ ಈ ಎರಡು ವಾರವನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ಹೇಳಲಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ನೀರಿಗೆ ಹೆದರಬೇಡಿ

"ನೀರು ಕುಡುದ್ರೆ ದಾರೀಲಿ ಎಲ್ಲಿಗ್ ಹೋಗದು ಸಾರ್?" ಈ ಪ್ರಶ್ನೆಯನ್ನು ನಾನು ಎಷ್ಟು ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹಳ್ಳಿಯಿಂದ ಮೈದಾನಕ್ಕೆ ಬರುವ ದಾರಿಯಲ್ಲಿ ವೀಲ್‌ಚೇರ್ ಒಳಗೆ ಹೋಗುವಂಥ ಶೌಚಾಲಯ ಸಿಗುವುದು ಕಷ್ಟವೆಂಬುದು ನಿಜ, ಅದಕ್ಕಾಗಿ ಬಾಯಾರಿಕೆಯನ್ನು ನುಂಗಿಕೊಳ್ಳುವ ಅಭ್ಯಾಸ ಹೆಣ್ಣುಮಕ್ಕಳಲ್ಲಂತೂ ಇನ್ನೂ ಹೆಚ್ಚು. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಮೂತ್ರ ದಟ್ಟವಾಗಿ ಸೋಂಕು ಬರುತ್ತದೆ, ಸೋಂಕಿಗೆ ಆ್ಯಂಟಿಬಯಾಟಿಕ್ ಬರುತ್ತದೆ, ಅದರಿಂದ ಕರುಳಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಒಂದು ಚೆಂಬು ನೀರಿನಿಂದ ಶುರುವಾಗುವ ಸರಪಳಿ ಇದು.

ದಿನಕ್ಕೆ 4ರಿಂದ 6 ಸಲ, ಸರಿಯಾದ ಅಂತರದಲ್ಲಿ ಕ್ಯಾಥೆಟರ್ ಹಾಕಿಕೊಂಡು, ಒಂದೊಂದು ಸಲಕ್ಕೆ ಬರುವ ಮೂತ್ರ 500 ಮಿ.ಲೀ. ಮೀರದಂತೆ ನೋಡಿಕೊಂಡರೆ ನೀರಿಗೆ ಹೆದರಬೇಕಾಗಿಲ್ಲ. ಒಮ್ಮೆಗೇ ಒಂದು ಲೀಟರ್ ಗಟಗಟ ಕುಡಿಯದೆ ಗಂಟೆಗೊಂದು ಲೋಟದಂತೆ ಹಂಚಿಕೊಳ್ಳಿ. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕಷ್ಟಾಗಿದೆ ಎಂದರ್ಥ.

ಐದನೇ ಹೆಜ್ಜೆ: ಆ್ಯಂಟಿಬಯಾಟಿಕ್ ಮತ್ತು ಇತರ ಮಾತ್ರೆಗಳ ಲೆಕ್ಕ

ಕರುಳಿನ ಬ್ಯಾಕ್ಟೀರಿಯಾಗಳಿಗೆ ನಮ್ಮ ಕಡೆ ಆಗುವ ದೊಡ್ಡ ಹಾನಿ ಊಟದಿಂದಲ್ಲ, ಬೇಡದ ಆ್ಯಂಟಿಬಯಾಟಿಕ್‌ನಿಂದ ಎಂದು ನನ್ನ ಅನುಭವ ಹೇಳುತ್ತದೆ. ಕ್ಯಾಥೆಟರ್ ಬಳಸುವವರ ಮೂತ್ರವನ್ನು ಯಾವಾಗ ಪರೀಕ್ಷೆ ಮಾಡಿಸಿದರೂ ಬ್ಯಾಕ್ಟೀರಿಯಾ ಕಾಣುವುದು ಬಹಳ ಸಾಮಾನ್ಯ. ಜ್ವರ, ಚಳಿ, ಹಠಾತ್ತನೆ ಹೆಚ್ಚಿದ ಕಾಲಿನ ಸೆಳೆತ, ಹೊಸದಾಗಿ ಶುರುವಾದ ಸೋರಿಕೆ, ಸೊಂಟದ ನೋವು, ವಿಪರೀತ ಸುಸ್ತು, ಇವುಗಳಲ್ಲಿ ಯಾವುದೂ ಇಲ್ಲದೆ ಬರೀ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು, ಅಥವಾ ಮೂತ್ರಕ್ಕೆ ವಾಸನೆ ಬಂತೆಂದು ಔಷಧಿ ಕೊಡಬೇಕಾಗಿಲ್ಲ ಎಂಬುದೇ ಇಂದಿನ ವೈದ್ಯಕೀಯ ನಿಲುವು. ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಕ್ರಿಯೆಗೆ ಹೋಗುವವರು ಇದಕ್ಕೆ ಹೊರತು.

ಭರ್ಜಿ ಎಸೆಯುವ ಒಬ್ಬ ಹುಡುಗಿಗೆ ಒಂದು ಕ್ಲಿನಿಕ್ಕಿನಲ್ಲಿ ಮೂರು ತಿಂಗಳಲ್ಲಿ ನಾಲ್ಕು ಸಲ ಆ್ಯಂಟಿಬಯಾಟಿಕ್ ಬರೆದಿದ್ದರು. ನಾಲ್ಕೂ ಸಲ ಅವಳಿಗೆ ಜ್ವರವಿರಲಿಲ್ಲ. ನಾಲ್ಕನೆಯ ಸುತ್ತು ಮುಗಿಯುವಷ್ಟರಲ್ಲಿ ನೀರು ನೀರಾಗಿ ಭೇದಿ ಶುರುವಾಯಿತು, ಒದ್ದೆಯಲ್ಲೇ ಕುಳಿತು ಬೆನ್ನಿನ ಕೆಳಗೆ ಹುಣ್ಣಾಯಿತು, ಎರಡು ತಿಂಗಳು ಅವಳು ಬೋರಲು ಮಲಗಿಯೇ ಕಳೆದಳು. ನಾನು ಅವಳ ಮನೆಗೆ ಹೋದಾಗ ಮಂಚದ ಪಕ್ಕ ಭರ್ಜಿ ಗೋಡೆಗೆ ಒರಗಿತ್ತು, ಅದರ ಹಿಡಿಯ ದಾರಕ್ಕೆ ಧೂಳು ಕೂತಿತ್ತು. ಆ ದೃಶ್ಯ ನನಗೆ ಇನ್ನೂ ನೋವು ಕೊಡುತ್ತದೆ. ಔಷಧಿ ಬರೆಯುವಾಗ ವೈದ್ಯರನ್ನು ಗೌರವದಿಂದಲೇ ಕೇಳಿ: ಇದು ನಿಜವಾದ ಸೋಂಕೇ? ಕಲ್ಚರ್ ಪರೀಕ್ಷೆಯಲ್ಲಿ ಯಾವ ಔಷಧಿಗೆ ಬಗ್ಗುತ್ತದೆಂದು ಬಂದಿದೆಯೇ? ಎಷ್ಟು ದಿನ? ನಿಜವಾದ ಸೋಂಕಿದ್ದರೆ ಔಷಧಿಯನ್ನು ತಪ್ಪದೆ ತೆಗೆದುಕೊಳ್ಳಬೇಕು, ಅರ್ಧಕ್ಕೆ ಬಿಡಬಾರದು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಅರ್ಧ ಸ್ಟ್ರಿಪ್ ಕತ್ತರಿಸಿ ತರುವ ರೂಢಿಯನ್ನು ಬಿಟ್ಟೇಬಿಡಬೇಕು.

ಭೇದಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವಾಗ ಅಥವಾ ಬಿಟ್ಟ ಕೆಲವು ವಾರಗಳಲ್ಲಿ ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರು ಭೇದಿಯಾದರೆ ಅದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕಿರಬಹುದು. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ನುಂಗದೆ ವೈದ್ಯರ ಬಳಿ ಹೋಗಿ. ಇನ್ನೊಂದು, ಹಲವು ದಿನ ಮಲ ಹೋಗದೆ ಇದ್ದು ಆಮೇಲೆ ತೆಳ್ಳಗೆ ಸೋರತೊಡಗಿದರೆ ಅದು ಭೇದಿಯೇ ಅಲ್ಲದಿರಬಹುದು. ಗಟ್ಟಿ ಮಲದ ಅಡ್ಡಗಟ್ಟೆಯ ಪಕ್ಕದಿಂದ ನೀರು ಜಿನುಗುತ್ತಿರುತ್ತದೆ. ಆಗ ಭೇದಿಯ ಮಾತ್ರೆ ಕೊಟ್ಟರೆ ಅಡ್ಡಗಟ್ಟೆ ಇನ್ನಷ್ಟು ಬಿಗಿಯಾಗುತ್ತದೆ.

ಮಲವನ್ನು ಕಟ್ಟಿಹಾಕುವ ಮಾತ್ರೆಗಳೂ ನಿಮ್ಮ ಡಬ್ಬಿಯಲ್ಲೇ ಇರುತ್ತವೆ. ಮೂತ್ರಕೋಶಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಟ್ರಾಮಡಾಲ್‌ನಂಥ ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಇವೆಲ್ಲ ಆ ಗುಂಪಿನವು. ವೀಲ್‌ಚೇರ್ ತಳ್ಳಿ ತಳ್ಳಿ ಭುಜ ನೋಯುವುದು ಸಹಜ, ಅದಕ್ಕೆಂದು ದಿನವೂ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಕರುಳಿನ ಒಳಪದರ ಕೆಡುತ್ತದೆ. ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ, ಯಾವುದನ್ನು ಬಿಡಬಹುದು, ಯಾವುದನ್ನು ಬದಲಾಯಿಸಬಹುದು ಎಂದು ಕೇಳಿ.

ಆರನೇ ಹೆಜ್ಜೆ: ತಟ್ಟೆ

ಈಗ ಊಟಕ್ಕೆ ಬರೋಣ. ಮಲಬದ್ಧತೆ ಎಂದ ಕೂಡಲೇ "ನಾರು ಜಾಸ್ತಿ ತಿನ್ನಿ" ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಬೆನ್ನುಹುರಿಗೆ ಪೆಟ್ಟಾದವರಿಗೆ ಅದು ಹಾಗೇ ಒಪ್ಪುವುದಿಲ್ಲ. 1996ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಇಂಥವರಿಗೆ ತೌಡು ಸೇರಿಸಿ ನಾರು ಹೆಚ್ಚಿಸಿದಾಗ ಮಲ ಸಾಗುವ ವೇಗ ಹೆಚ್ಚುವ ಬದಲು ಇನ್ನೂ ನಿಧಾನವಾಯಿತು. ಕಾರಣ ಊಹಿಸುವುದು ಕಷ್ಟವಲ್ಲ: ತಳ್ಳುವ ಶಕ್ತಿ ಕಡಿಮೆ ಇರುವ ಕರುಳಿಗೆ ಹೊರೆ ಹೆಚ್ಚಿಸಿದ ಹಾಗಾಗುತ್ತದೆ. ಪಾಂಡವಪುರದ ಕಡೆಯ ಒಂದು ಮನೆಯಲ್ಲಿ ತಾಯಿ ಪ್ರೀತಿಯಿಂದ ಮಗನಿಗೆ ದಿನಾ ಎರಡು ಚಮಚ ಇಸಬ್‌ಗೋಲ್ ಕೊಡುತ್ತಿದ್ದರು, ಆದರೆ ಅವನು ನೀರು ಕುಡಿಯುತ್ತಿದ್ದದ್ದು ಒಂದೇ ಲೋಟ. ಇಸಬ್‌ಗೋಲ್‌ಗೆ ಸಾಕಷ್ಟು ನೀರು ಸಿಗದಿದ್ದರೆ ಅದು ಒಳಗೇ ಗಂಟಾಗಿ ದಾರಿ ಕಟ್ಟಬಹುದು. ಅದಕ್ಕೇ ನೀರಿನ ಹೆಜ್ಜೆಯನ್ನು ನಾನು ಊಟಕ್ಕಿಂತ ಮೊದಲು ಇಟ್ಟದ್ದು.

ಹಾಗೆಂದು ನಾರನ್ನು ಬಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಉಪವಾಸ. ದಿನಕ್ಕೆ ಸುಮಾರು 15 ಗ್ರಾಂ ನಾರಿನಿಂದ ಆರಂಭಿಸಿ, ನೋಟ್ ಪುಸ್ತಕ ನೋಡಿಕೊಂಡು, ಎರಡು ಮೂರು ವಾರಕ್ಕೊಮ್ಮೆ ಒಂದೇ ಒಂದು ಪದಾರ್ಥದಂತೆ ಮೆಲ್ಲಗೆ ಏರಿಸುವುದು ಕ್ಷೇಮ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ; ಹುರಳಿಯಲ್ಲಿ ಸುಮಾರು 8 ಗ್ರಾಂ. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಬಸ್ಸಾರು ಮತ್ತು ಅದರ ಪಲ್ಯ ಉಂಡವನಿಗೆ ಹೊರಗಿನಿಂದ ನಾರಿನ ಪುಡಿ ತಂದು ಬೆರೆಸುವ ಅಗತ್ಯ ಬಹುಶಃ ಬೀಳುವುದೇ ಇಲ್ಲ. ಇನ್ನೊಂದು ಸಂಗತಿ: ಕಾಲಿನ ಸ್ನಾಯುಗಳು ಕರಗಿರುವುದರಿಂದ ಇವರ ದೇಹಕ್ಕೆ ಬೇಕಾದ ಶಕ್ತಿ ಕಡಿಮೆ, ಆದ್ದರಿಂದ ತಟ್ಟೆಯೂ ಚಿಕ್ಕದಿರಬೇಕು. ಚಿಕ್ಕ ತಟ್ಟೆಯಲ್ಲಿ ಪೋಷಕಾಂಶ ಹೆಚ್ಚಿರಬೇಕಾದರೆ ಎರಡನೇ ಸಲದ ಅನ್ನದ ಜಾಗವನ್ನು ಸೊಪ್ಪು, ಕಾಳು ತುಂಬಬೇಕು.

ಹುರಳಿ, ಅವರೆ, ಅಲಸಂದೆ ಗ್ಯಾಸ್ ಮಾಡುತ್ತವೆ; ತಡೆದುಕೊಳ್ಳಲಾಗದ ಸ್ಥಿತಿಯಲ್ಲಿ, ಜೊತೆಗಾರರ ನಡುವೆ ಕುಳಿತಾಗ ಆಗುವ ಸಂಕೋಚ ಸಣ್ಣದಲ್ಲ, ಅದಕ್ಕಾಗಿ ಹಲವರು ಕಾಳನ್ನೇ ಬಿಡುತ್ತಾರೆ. ಬಿಡಬೇಡಿ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿದರೆ ಗ್ಯಾಸ್ ಮಾಡುವ ಸಕ್ಕರೆಗಳು ಕಡಿಮೆಯಾಗುತ್ತವೆ. ಮೊದಲ ವಾರ ದಿನಕ್ಕೆ ಎರಡು ಚಮಚ ಮೊಳಕೆ ಹುರಳಿ ಸಾಕು, ಕರುಳು ಹೊಂದಿಕೊಂಡ ಮೇಲೆ ಹೆಚ್ಚಿಸಿ. ಬಾಳೆಕಾಯಿ ಪಲ್ಯದಲ್ಲಿ, ಆರಿದ ಅನ್ನದಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನವರೆಗೂ ಹೋಗುವ ಪಿಷ್ಟವಿದ್ದು, ಅದೂ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ. ಸೀಬೆಹಣ್ಣು, ಪರಂಗಿ, ನಂಜನಗೂಡಿನ ರಸಬಾಳೆ, ಯಾವುದು ಆ ಕಾಲಕ್ಕೆ ಅಗ್ಗವೋ ಅದು ಆದೀತು.

ಜೀವಂತ ಬ್ಯಾಕ್ಟೀರಿಯಾ ಬೇಕೆನ್ನುವವರಿಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು ಮತ್ತು ಅದರ ಮಜ್ಜಿಗೆ ಇವೆ. ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಅವು ಉಳಿಯುವುದಿಲ್ಲ. ಇಡ್ಲಿ, ದೋಸೆ ಹುದುಗಿದ ಹಿಟ್ಟಿನವಾದರೂ ಬೇಯುವಾಗ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಅವು ಸುಲಭವಾಗಿ ಅರಗುತ್ತವೆ ಎಂಬ ಕಾರಣಕ್ಕೆ ಒಳ್ಳೆಯ ತಿಂಡಿಗಳು, ಆ ಲೆಕ್ಕವೇ ಬೇರೆ. ಅಂಬಲಿ ನನ್ನ ಮೆಚ್ಚಿನದು. ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಬೇಯಿಸಿ, ಆರಿದ ಮೇಲೆ ಶುದ್ಧವಾದ ಪಾತ್ರೆಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು ಬೆರೆಸಿ, ಮತ್ತೆ ಕಾಯಿಸದೆ ಕುಡಿಯುವುದು. ಅದರಲ್ಲಿ ನಾರು, ನೀರು, ಬ್ಯಾಕ್ಟೀರಿಯಾ ಮೂರೂ ಒಂದೇ ಲೋಟದಲ್ಲಿ ಸಿಗುತ್ತವೆ. ಆ ಗುಂಡು ಎಸೆತದ ಹುಡುಗನ ಮನೆಯಲ್ಲಿ ಅವನ ತಾಯಿ ಹಿತ್ತಾಳೆ ಚೆಂಬಿನಿಂದ ಲೋಟಕ್ಕೆ ಅಂಬಲಿ ಬಗ್ಗಿಸುತ್ತಾ, "ಕುಡಿ ಮೊಗ, ಇದೇನು ಔಸ್ತಿ ಅಲ್ಲ" ಎಂದಿದ್ದು ನೆನಪಾಗುತ್ತದೆ. ಹುಳಿ ಪದಾರ್ಥವನ್ನು ಹಿತ್ತಾಳೆಯಲ್ಲಿ ಇಡಬಾರದು ಎಂದು ನಾನು ಮೆಲ್ಲಗೆ ಹೇಳಿದೆ, ಮರುವಾರ ಸ್ಟೀಲ್ ಚೆಂಬು ಬಂದಿತ್ತು.

ಪ್ರೋಟೀನ್ ಪುಡಿ ಬಳಸುವವರು ಅದನ್ನು ಒಮ್ಮೆಗೇ ಕುಡಿಯದೆ ದಿನದಲ್ಲಿ ಹಂಚಿಕೊಳ್ಳಿ, ಜೊತೆಗೆ ನಾರನ್ನೂ ಇಟ್ಟುಕೊಳ್ಳಿ. ಸಕ್ಕರೆ ಇಲ್ಲ ಎಂದು ಬರೆದ ಪ್ರೋಟೀನ್ ಬಾರ್‌ಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್ ಎಂಬ ಸಿಹಿಕಾರಕಗಳು ಇದ್ದರೆ ಹೊಟ್ಟೆಯುಬ್ಬರವೂ ಸೋರಿಕೆಯೂ ಖಂಡಿತ ಕಾದಿವೆ ಎಂದುಕೊಳ್ಳಿ.

ಏಳನೇ ಹೆಜ್ಜೆ: ಪ್ರೋಬಯಾಟಿಕ್ ಡಬ್ಬಿ

ಮೇಲಿನ ಆರು ಹೆಜ್ಜೆ ಎರಡು ಮೂರು ತಿಂಗಳು ನಡೆದ ಮೇಲೆ ಮಾತ್ರ ಇದರ ಮಾತು. ಸ್ವಿಟ್ಜರ್ಲೆಂಡಿನಲ್ಲಿ ಉನ್ನತ ಮಟ್ಟದ 14 ವೀಲ್‌ಚೇರ್ ಕ್ರೀಡಾಪಟುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿಯೊಬ್ಬರಿಗೂ 4 ವಾರ ಪ್ರೋಬಯಾಟಿಕ್, ನಡುವೆ ಬಿಡುವು, ಇನ್ನು 4 ವಾರ ಓಟ್ಸ್ ತೌಡು ಕೊಟ್ಟು ನೋಡಿದರು. ಇಂಥ ಪ್ರಯೋಗವನ್ನು ಕ್ರೀಡಾಪಟುಗಳ ಮೇಲೆ ನಡೆಸಲು ಸಾಧ್ಯವೇ ಎಂದು ತಿಳಿಯುವುದೇ ಅದರ ಮುಖ್ಯ ಗುರಿಯಾಗಿತ್ತು. 14 ಮಂದಿಯ ಪ್ರಯೋಗದಿಂದ ನಿಮ್ಮ ಪದಕದ ಭರವಸೆ ಕೊಡುವ ಡಬ್ಬಿಯ ಜಾಹೀರಾತನ್ನು ನಂಬಬಾರದು. 2019ರಲ್ಲಿ ಬಾಸ್ಟನ್ ಮ್ಯಾರಥಾನ್ ಓಟಗಾರರ ಕರುಳಿನಿಂದ ತೆಗೆದ ವೆಯ್ಲೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಪಡೆದ ಇಲಿಗಳು ಹೆಚ್ಚು ಹೊತ್ತು ಓಡಿದವೆಂಬ ಸುದ್ದಿಯೂ ಬಹಳ ಹರಡಿತ್ತು. ಓಡಿದ್ದು ಇಲಿಗಳು ಎಂಬುದನ್ನು ಮರೆಯಬೇಡಿ.

ವೈದ್ಯರು ಒಪ್ಪಿದರೆ ಒಂದು ಉತ್ಪನ್ನವನ್ನು 4 ವಾರ, ಬೇರೇನೂ ಬದಲಾಯಿಸದೆ ತೆಗೆದುಕೊಂಡು ನೋಟ್ ಪುಸ್ತಕದಲ್ಲಿ ವ್ಯತ್ಯಾಸ ಕಾಣುತ್ತದೆಯೇ ನೋಡಿ, ಕಾಣದಿದ್ದರೆ ನಿಲ್ಲಿಸಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಇದರ ಗೋಜಿಗೆ ಹೋಗಬಾರದು. ಡೋಪಿಂಗ್ ಪರೀಕ್ಷೆಗೆ ಒಳಪಡುವವರು ಪ್ರತಿ ಪೂರಕವನ್ನೂ, ಪ್ರತಿ ಮಾತ್ರೆಯನ್ನೂ ತೋರಿಸಿ ಕೇಳಬೇಕು. ಮೂಲವ್ಯಾಧಿಗೆ ಬಳಸುವ ಕೆಲವು ಗುಳಿಗೆಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಗುದದ್ವಾರದ ಹೊರಭಾಗಕ್ಕೆ ಸವರುವ ಮುಲಾಮನ್ನು ಹೇಳಿದ ಪ್ರಮಾಣದಲ್ಲಿ ಬಳಸಲು ಅಡ್ಡಿಯಿಲ್ಲ, ಆದರೆ ಅಂಥ ಸ್ಟೀರಾಯ್ಡನ್ನು ಗುದನಾಳದ ಒಳಗೆ ಬಳಸುವುದು ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಕರುಳಿನ ತೊಂದರೆಗೇ ಔಷಧಿ ಮಾಡಿಕೊಂಡು ಸಿಕ್ಕಿಬೀಳುವ ಪರಿಸ್ಥಿತಿ ಯಾರಿಗೂ ಬರಬಾರದು.

ಎಂಟನೇ ಹೆಜ್ಜೆ: ಸ್ಪರ್ಧೆಯ ವಾರ

ಬೆನ್ನುಹುರಿಯ ಗಡ್ಡೆಯಿಂದ ಎದೆಯ ಕೆಳಗೆ ಸ್ವಾಧೀನ ಕಳೆದುಕೊಂಡ ದೀಪಾ ಮಲಿಕ್ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು ಎಸೆತದ ಬೆಳ್ಳಿ ಗೆದ್ದರು. 2012ರ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಅವನಿ ಲೇಖರಾ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಶೂಟಿಂಗ್ ಚಿನ್ನ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಕ್ಲಬ್ ಎಸೆತದ ಚಿನ್ನ, ಬೆಳ್ಳಿ ಎರಡೂ ಧರಂಬೀರ್ ಮತ್ತು ಪ್ರಣವ್ ಸೂರ್ಮಾ ಅವರಿಂದ ಭಾರತಕ್ಕೆ ಬಂದವು. ಇಂಥ ಸ್ಪರ್ಧೆಗಳಿಗೆ ಹೋಗುವುದೆಂದರೆ ಊರು, ಊಟ, ಹೊತ್ತು ಎಲ್ಲವೂ ಬದಲಾಗುವುದು. ತಿಂಗಳುಗಳಿಂದ ಕಟ್ಟಿಕೊಂಡ ಕರುಳಿನ ಕ್ರಮ ಮೊದಲು ತಪ್ಪುವುದೇ ಆಗ.

ಸ್ಪರ್ಧೆಗೆ ಒಂದು ವಾರ ಮುಂಚಿನಿಂದ ಯಾವ ಹೊಸ ಪದಾರ್ಥವನ್ನೂ ಬಾಯಿಗೆ ಹಾಕಬೇಡಿ. ಕೊನೆಯ ಎರಡು ದಿನ ಕಾಳು, ಎಲೆಕೋಸು, ಹಸಿ ಈರುಳ್ಳಿ ಕಡಿಮೆ ಮಾಡಿ, ಇಡ್ಲಿ, ಮೊಸರನ್ನ, ಬಾಳೆಹಣ್ಣಿನಂಥ ಹಗುರವಾದದ್ದನ್ನು ತಿನ್ನಿ. ಮುಗಿದ ಮೇಲೆ ಮತ್ತೆ ಹಳೆಯ ತಟ್ಟೆಗೆ ಬನ್ನಿ. ನಿಮ್ಮ ಸ್ಪರ್ಧೆ ಬೆಳಿಗ್ಗೆ 8ಕ್ಕಿದ್ದರೆ ಮಲವಿಸರ್ಜನೆಯ ಹೊತ್ತನ್ನು ಎರಡು ಮೂರು ವಾರ ಮುಂಚಿನಿಂದಲೇ ಸಂಜೆಗೆ ಬದಲಾಯಿಸಿಕೊಳ್ಳುವುದು ಲೇಸು, ಹಿಂದಿನ ದಿನ ಬದಲಾಯಿಸಿದರೆ ಕರುಳು ಕೇಳುವುದಿಲ್ಲ. ಮೆತ್ತೆಯ ಕಮೋಡ್ ಆಸನ, ಗ್ಲೌಸ್, ಜೆಲ್, ಗುಳಿಗೆ, ಕ್ಯಾಥೆಟರ್, ಎರಡು ಜೊತೆ ಬಟ್ಟೆ, ಬಿ.ಪಿ. ಬರೆದ ಚೀಟಿ, ಇವೆಲ್ಲ ಬಸ್ಸಿನ ಡಿಕ್ಕಿಗೆ ಹೋಗದೆ ಕೈಚೀಲದಲ್ಲೇ ಇರಲಿ.

ಏಪ್ರಿಲ್ ಬಿಸಿಲಿನ ಸ್ಪರ್ಧೆಗಳಲ್ಲಿ ಇನ್ನೊಂದು ಕಷ್ಟವಿದೆ. ಗಾಯದ ಮಟ್ಟಕ್ಕಿಂತ ಕೆಳಗೆ ಬೆವರುವುದಿಲ್ಲವಾದ್ದರಿಂದ ಮೈಯ ಬಿಸಿ ಬೇಗ ಏರುತ್ತದೆ, ಆ ಬಿಸಿಯಲ್ಲಿ ಶ್ರಮಿಸುವಾಗ ಕರುಳಿಗೆ ಹೋಗುವ ರಕ್ತ ಕಡಿಮೆಯಾಗಿ ಒಳಪದರ ಸಡಿಲವಾಗುತ್ತದೆ. ಸ್ಪ್ರೇ ಬಾಟಲಿಯಲ್ಲಿ ತಣ್ಣೀರು ತುಂಬಿಸಿ ಮುಖ, ಕುತ್ತಿಗೆ, ತೋಳುಗಳಿಗೆ ಸಿಂಪಡಿಸಿಕೊಳ್ಳುತ್ತಿರಿ, ಸರದಿ ಬರುವವರೆಗೆ ನೆರಳಿನಲ್ಲೇ ಇರಿ, ಒಂದೊಂದು ಗುಟುಕಾಗಿ ನೀರು ಅಥವಾ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುತ್ತಿರಿ, ಸ್ಪರ್ಧೆಗೆ ಮುಂಚೆ ಆಟಗಾರರನ್ನು ಸೇರಿಸುವ ಕಾಲ್ ರೂಮಿಗೆ ಹೋಗುವ ಮುಂಚೆ ಮೂತ್ರಕೋಶ ಖಾಲಿ ಮಾಡಿಕೊಳ್ಳಿ. ರಾತ್ರಿ ರೂಮಿಗೆ ಬಂದ ಮೇಲೆ, ಎಸೆದ ದೂರವನ್ನು ಬರೆದ ಪುಟದಲ್ಲೇ ಆ ದಿನ ಹೊಟ್ಟೆ ಹೇಗಿತ್ತು, ಎಷ್ಟು ನೀರು ಕುಡಿದಿರಿ ಎಂದೂ ಬರೆಯಿರಿ. ಆ ಹುಡುಗನ ಪುಸ್ತಕದಲ್ಲಿ ಈಗ ಕುಳಿತ ಹೊತ್ತಿನ ಸಾಲಿನಲ್ಲಿ 40 ನಿಮಿಷ ಎಂದಿರುತ್ತದೆ, ದಿನ ಬಿಟ್ಟು ದಿನ.